ಮನೆಯೊಳಗೆ ಬಿಯರ್ ನಲ್ಲಿ

ಪಬ್‌ಗಳಲ್ಲಿ ನಲ್ಲಿ ತಿರುಗಿಸಿ ಕೊಡುವ ಡ್ರಾಫ್ಟ್ ಬಿಯರ್ ಬೆಂಗಳೂರಿಗೆ ಹೊಸದಲ್ಲ. ಪೀಪಾಯಿ, ಅನಿಲದ ಸಿಲಿಂಡರ್, ನಲ್ಲಿ ಎಲ್ಲವೂ ಇರುವ ಫ್ರಿಜ್ (ಕೆಜರೇಟರ್) ಈಗ ಮನೆಗೂ ಬರುತ್ತಿದೆ. 'ಬಿಯರ್ ತಾನೇ, ಏನಾಗುತ್ತದೆ?' ಎನ್ನುವವರು ಮೊದಲು ಈ ಲೆಕ್ಕ ನೋಡಿ.

ಶೇ. 5ರ 650 ಮಿ.ಲೀ. ಬಿಯರಿನಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್ ಇರುತ್ತದೆ. 60 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 20 ಗ್ರಾಂ. 20 ಲೀಟರಿನ ಪೀಪಾಯಿಯೆಂದರೆ ಅಂಥ 30 ಬಾಟಲಿ! ಬಾಟಲಿಯಾದರೆ ಎಣಿಸಬಹುದು, ನಲ್ಲಿಗೆ ಎಣಿಕೆಯಿಲ್ಲ. ಕೆಟ್ಟುಹೋದೀತೆಂದು ಬೇಗ ಮುಗಿಸುವ ಆತುರವೂ ಸೇರುತ್ತದೆ.

ತರಲೇಬೇಕೆಂದಿದ್ದರೆ ಗಮನಿಸಿ:

* 5 ಲೀಟರಿನ ಚಿಕ್ಕ ಪೀಪಾಯಿಯೇ ಸಾಕು. ಮನೆಯಲ್ಲಿಡುವ ಬಿಯರಿಗೆ ಅಬಕಾರಿ ಮಿತಿಯಿದೆ, ವಿಚಾರಿಸಿಕೊಳ್ಳಿ.
* ನಲ್ಲಿಗೆ ಬೀಗವಿರಲಿ, ಮನೆಯಲ್ಲಿ ಮಕ್ಕಳಿರುತ್ತಾರೆ.
* ಉಷ್ಣತೆ 3–4 ಡಿಗ್ರಿ ಸೆಲ್ಸಿಯಸ್ ಇರಲಿ. ಕೊಳವೆಯಲ್ಲಿ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಎರಡು ವಾರಕ್ಕೊಮ್ಮೆ ತೊಳೆಯಿರಿ.
* ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಜರಗನಹಳ್ಳಿಯಂಥ ಕಡೆಯ ಒತ್ತೊತ್ತಾದ ಮನೆಗಳಲ್ಲಿ ಅದು ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರನ್ನು ಗಾಳಿಯಾಡುವಲ್ಲಿ ನೆಟ್ಟಗೆ ನಿಲ್ಲಿಸಿ, ಜೋಡಣೆಗೆ ಸೋಪಿನ ನೀರು ಹಚ್ಚಿ ಪರೀಕ್ಷಿಸಿ. ತಲೆನೋವು, ತಲೆಸುತ್ತು, ಏದುಸಿರು ಬಂದರೆ ಎಲ್ಲರೂ ಕೂಡಲೇ ಹೊರಗೆ ಬನ್ನಿ.

ಬಿಯರ್ ಮೂತ್ರಪಿಂಡದ ಕಲ್ಲನ್ನು ಕರಗಿಸುತ್ತದೆಂಬ ನಂಬಿಕೆ ತಪ್ಪು. ಅದು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಕಲ್ಲಿನ ತೊಂದರೆಯಿರುವವರಿಗೆ ಬೇಕಾದದ್ದು ಸಾಕಷ್ಟು ನೀರು. ಗರ್ಭಿಣಿಯರು, ಯಕೃತ್ತಿನ ಕಾಯಿಲೆಯವರು ಮುಟ್ಟಲೇಬಾರದು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಣ ಕೊಡುವ ಮುನ್ನ ಮನೆಮಂದಿಯೆಲ್ಲ ಕೂತು ಇದನ್ನು ಯೋಚಿಸಿ.