ವಿಕ್ಸ್‌ಬರ್ಗ್ ಮುತ್ತಿಗೆ: ಹೊಸಬರಿಗೊಂದು ಪರಿಚಯ

ಅಮೆರಿಕದ ಅಂತರ್ಯುದ್ಧದ ಕಥೆಯನ್ನು ಓದಲು ಹೊರಟವರು ಸಾಮಾನ್ಯವಾಗಿ ಲಿಂಕನ್ನನಿಂದ ಆರಂಭಿಸಿ ಗೆಟಿಸ್‌ಬರ್ಗ್ ಕದನಕ್ಕೆ ಬರುತ್ತಾರೆ. ಆ ಕದನ ನಡೆದ ವಾರದಲ್ಲೇ ದೂರದ ಮಿಸಿಸಿಪಿ ನದಿಯ ದಂಡೆಯಲ್ಲಿ ವಿಕ್ಸ್‌ಬರ್ಗ್ ಎಂಬ ಊರು ಶರಣಾಯಿತು. ಯುದ್ಧದ ಗತಿ ಬದಲಾದದ್ದು ಹೇಗೆಂದು ತಿಳಿಯಬೇಕಾದರೆ ಈ ಊರಿನ ಕಥೆಯನ್ನು ಬಿಡುವಂತಿಲ್ಲ.

ಮೊದಲು ಹಿನ್ನೆಲೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರೆಯಾಗಿ ಕಾನ್ಫೆಡರಸಿ ಎಂಬ ಸರ್ಕಾರ ಕಟ್ಟಿಕೊಂಡವು. ದೇಶ ಒಡೆಯಬಾರದೆಂದು ಲಿಂಕನ್ ಸರ್ಕಾರ ಹೋರಾಡಿತು. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಲಿಂಕನ್ ಪಕ್ಷವನ್ನು ಇಲ್ಲಿ ಉತ್ತರದವರೆಂದೂ ಎದುರು ಪಕ್ಷವನ್ನು ದಕ್ಷಿಣದವರೆಂದೂ ಕರೆಯೋಣ.

ಈಗ ಭೂಪಟವನ್ನು ಬಿಡಿಸಿಕೊಳ್ಳಿ. ಮಿಸಿಸಿಪಿ ಉತ್ತರದಿಂದ ದಕ್ಷಿಣಕ್ಕೆ ಹರಿದು ನ್ಯೂ ಆರ್ಲಿಯನ್ಸ್ ದಾಟಿ ಸಮುದ್ರ ಸೇರುತ್ತದೆ. ಉತ್ತರದ ರೈತರ ದವಸ ಹೊರದೇಶಕ್ಕೆ ಹೋಗುತ್ತಿದ್ದ ದೊಡ್ಡ ದಾರಿ ಇದು. ದಕ್ಷಿಣದವರಿಗೂ ಈ ನದಿ ಬೇಕಿತ್ತು. ಪಶ್ಚಿಮ ದಂಡೆಯಾಚೆಯ ಟೆಕ್ಸಸ್, ಅರ್ಕಾನ್ಸಾ, ಲೂಸಿಯಾನಗಳಿಂದ ದನಕರು, ಧಾನ್ಯ, ಉಪ್ಪು ಇದನ್ನು ದಾಟಿಯೇ ಬರಬೇಕಿತ್ತು. 1862ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್, ಜೂನ್‌ನಲ್ಲಿ ಮೆಂಫಿಸ್ ಉತ್ತರದವರ ವಶವಾದವು. ನಡುವೆ ದಕ್ಷಿಣದವರ ಕೈಯಲ್ಲಿ ಉಳಿದ ಮುಖ್ಯ ನೆಲೆಗಳು ಎರಡು: ವಿಕ್ಸ್‌ಬರ್ಗ್, ಅದರ ಕೆಳಗಿನ ಪೋರ್ಟ್ ಹಡ್ಸನ್.

ವಿಕ್ಸ್‌ಬರ್ಗಿನ ಬಲವೆಲ್ಲ ಅದು ನಿಂತ ಜಾಗದಲ್ಲಿತ್ತು. ಪೂರ್ವ ದಂಡೆಯಲ್ಲಿ ನೀರಿನಿಂದ ಸುಮಾರು 200 ಅಡಿ ಎತ್ತರದ ದಿಬ್ಬಗಳ ಮೇಲೆ ಊರು. ಅದರ ಮುಂದೆಯೇ ನದಿ ಬಂದ ದಿಕ್ಕಿಗೇ ತಿರುಗಿದಂತೆ ಬಾಗುತ್ತಿತ್ತು. ತಿರುವಿನಲ್ಲಿ ವೇಗ ತಗ್ಗಿಸುವ ಹಡಗಿಗೆ ದಿಬ್ಬದ ಮೇಲಿನ ಫಿರಂಗಿಗಳು ಗುರಿಯಿಡುತ್ತಿದ್ದವು. ಉತ್ತರ ದಿಕ್ಕಿನಲ್ಲಿ ಸೇನೆ ನಡೆಯಲಾಗದ ಜೌಗು ನೆಲ. ಪೂರ್ವದಲ್ಲಿ ಮಾತ್ರ ಗಟ್ಟಿ ನೆಲ, ಜಾಕ್ಸನ್ ನಗರಕ್ಕೆ ಹೋಗುವ ರೈಲುದಾರಿ.

ಉತ್ತರದ ದಂಡನಾಯಕ ಯುಲಿಸಿಸ್ ಗ್ರಾಂಟ್‌ನ ಮೊದಲ ಪ್ರಯತ್ನಗಳು ನೆಲಕಚ್ಚಿದವು. 1862ರ ಡಿಸೆಂಬರ್‌ನಲ್ಲಿ ಹೋಲಿ ಸ್ಪ್ರಿಂಗ್ಸ್‌ನಲ್ಲಿದ್ದ ಅವನ ಸಾಮಗ್ರಿ ಉಗ್ರಾಣವನ್ನು ಶತ್ರುಗಳು ನಾಶಮಾಡಿದರು. ಚಿಕಸಾ ಬಾಯೂ ಎಂಬಲ್ಲಿ ಅವನ ಸಹಚರ ಷರ್ಮನ್ ಸೋತ. ಊರನ್ನು ಬಳಸಿಹೋಗಲು ಕಾಲುವೆ ತೋಡಿಸಿದ್ದೂ ವ್ಯರ್ಥವಾಯಿತು.

1863ರ ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾದಳದ ನಾಯಕ ಪೋರ್ಟರ್‌ನ ಹಡಗುಗಳು ಗುಂಡಿನ ಮಳೆಯ ನಡುವೆ ಊರಿನ ಮುಂದೆಯೇ ಕೆಳಕ್ಕೆ ಸಾಗಿದವು. ಗ್ರಾಂಟ್ ಸೈನ್ಯವನ್ನು ಪಶ್ಚಿಮ ದಂಡೆಯಲ್ಲಿ ನಡೆಸಿಕೊಂಡು ಹೋಗಿ, ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್ ಬಳಿ ನದಿ ದಾಟಿಸಿದ. ಅಲ್ಲಿ ಇಳಿಯಬಹುದೆಂದು ತಿಳಿಸಿದವನು ಆ ಸೀಮೆಯ ಒಬ್ಬ ಕಪ್ಪು ಮನುಷ್ಯ. ಮುಂದೆ ಗ್ರಾಂಟ್ ನೇರವಾಗಿ ವಿಕ್ಸ್‌ಬರ್ಗಿಗೆ ಹೋಗಲಿಲ್ಲ. ಮೊದಲು ಜಾಕ್ಸನ್ ಹಿಡಿದು ರೈಲುದಾರಿ ಕತ್ತರಿಸಿದ. ಮೇ 1ರಿಂದ 17ರೊಳಗೆ ಐದು ಕಾಳಗ ಗೆದ್ದು ದಕ್ಷಿಣದ ನಾಯಕ ಪೆಂಬರ್ಟನ್‌ನನ್ನು ಊರೊಳಗೆ ಅಟ್ಟಿದ. ಕದನದ ಫಲಿತಾಂಶ ಬಹುಪಾಲು ನಿರ್ಧಾರವಾದದ್ದು ಈ 17 ದಿನಗಳಲ್ಲಿ.

ಗೆಲುವಿನ ಬಿಸಿಯಲ್ಲಿ ಗ್ರಾಂಟ್ ಮೇ 19 ಮತ್ತು 22ರಂದು ಕೋಟೆಸಾಲಿನ ಮೇಲೆ ನೇರ ದಾಳಿ ಮಾಡಿಸಿದ. ಎರಡೂ ವಿಫಲ. ಎರಡನೆಯ ದಾಳಿಯಲ್ಲೇ ಅವನ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 3,000ಕ್ಕೂ ಹೆಚ್ಚು. ಆಮೇಲೆ ಗುದ್ದಲಿ ಕೈಗೆ ಬಂತು. ಸೈನಿಕರು ಅಂಕುಡೊಂಕಾದ ಕಂದಕ ತೋಡುತ್ತ ದಿನದಿನಕ್ಕೆ ಹತ್ತಿರವಾದರು. ಜೂನ್ 25ರಂದು ಒಂದು ಕೊತ್ತಲದ ಅಡಿಗೆ ಸುರಂಗ ಕೊರೆದು ಸಿಡಿಮದ್ದು ಸ್ಫೋಟಿಸಿದರು. ಹೊರಗಿನಿಂದ ದಕ್ಷಿಣದ ಇನ್ನೊಬ್ಬ ದಂಡನಾಯಕ ಜಾನ್ಸ್ಟನ್‌ನ ಸೇನೆ ಬಂದೀತೆಂದು ಗ್ರಾಂಟ್ ಬೆನ್ನ ಹಿಂದೆಯೂ ಕಾವಲು ಹಾಕಿದ್ದ. ಊರೊಳಗಿನವರು ಅದಕ್ಕಾಗಿ ಕೊನೆಯವರೆಗೂ ಕಾದರು. ಆ ಸೇನೆ ಬರಲಿಲ್ಲ.

ಊರೊಳಗೆ ಸುಮಾರು 30,000 ಸೈನಿಕರ ಜೊತೆಗೆ ಸಾವಿರಾರು ನಾಗರಿಕರಿದ್ದರು. ಗುಂಡುಗಳಿಂದ ತಪ್ಪಿಸಿಕೊಳ್ಳಲು ದಿಬ್ಬದ ಮೆದು ಮಣ್ಣಿನಲ್ಲಿ ಗವಿಗಳನ್ನು ತೋಡಿಸಿಕೊಂಡು ಮಕ್ಕಳುಮರಿಗಳೊಂದಿಗೆ ಬದುಕಿದರು. ಅಗೆಯುವ ದುಡಿಮೆ ಬಹಳಷ್ಟು ಗುಲಾಮರದೇ. ಸೈನಿಕರ ಪಡಿತರ ಇಳಿಯಿತು. ಅಲಸಂದೆ ಹಿಟ್ಟಿನ ರೊಟ್ಟಿ, ಕೊನೆಗೆ ಹೇಸರಗತ್ತೆಯ ಮಾಂಸ ಊಟವಾಯಿತು. ಬೇಧಿ, ಮಲೇರಿಯಾ ಹರಡಿದವು. ಕಾಗದ ಮುಗಿದಾಗ ಸ್ಥಳೀಯ ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯಲ್ಲಿ ಮುದ್ರಿಸಿದರು.

ಇದೇ ದಿನಗಳ ಇನ್ನೊಂದು ಘಟನೆ ಪಠ್ಯಗಳಲ್ಲಿ ಬದಿಗೆ ಸರಿಯುತ್ತದೆ, ನೀವು ಮರೆಯಬೇಡಿ. ಜೂನ್ 7ರಂದು ಹತ್ತಿರದ ಮಿಲಿಕೆನ್ಸ್ ಬೆಂಡ್ ಶಿಬಿರದ ಮೇಲೆ ದಕ್ಷಿಣದವರು ದಾಳಿ ಮಾಡಿದರು. ಎದುರಿಸಿ ನಿಂತವರಲ್ಲಿ ಹೆಚ್ಚಿನವರು ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿ ಸೇನೆ ಸೇರಿದ್ದ ಕಪ್ಪು ಜನ. ತರಬೇತಿ ಅತ್ಯಲ್ಪ, ಸಾವುನೋವು ಅಪಾರ. ಆದರೂ ಶಿಬಿರ ಉಳಿಯಿತು. ಕಪ್ಪು ಜನ ಸೈನಿಕರಾಗಲಾರರು ಎಂಬ ಮಾತಿಗೆ ಅವರು ಪ್ರಾಣ ಕೊಟ್ಟು ಉತ್ತರಿಸಿದರು.

ಜುಲೈ 4ರಂದು ಪೆಂಬರ್ಟನ್ ಶರಣಾದ. ಸುಮಾರು 29,500 ಸೈನಿಕರು ಆಯುಧ ಕೆಳಗಿಟ್ಟರು. ಮತ್ತೆ ಹೋರಾಡುವುದಿಲ್ಲವೆಂಬ ಮಾತು ಪಡೆದು ಗ್ರಾಂಟ್ ಹೆಚ್ಚಿನವರನ್ನು ಬಿಟ್ಟುಕಳಿಸಿದ. ಜುಲೈ 9ರಂದು ಪೋರ್ಟ್ ಹಡ್ಸನ್ ಕೂಡ ಶರಣಾಗಿ, ಇಡೀ ನದಿ ಉತ್ತರದವರದಾಯಿತು. ದಕ್ಷಿಣದ ನಾಡು ಎರಡು ಹೋಳಾಯಿತು. 1864ರ ಮಾರ್ಚ್‌ನಲ್ಲಿ ಲಿಂಕನ್ ಎಲ್ಲ ಸೇನೆಗಳ ಹೊಣೆಯನ್ನು ಗ್ರಾಂಟ್‌ಗೆ ವಹಿಸಿದ.

ಮುತ್ತಿಗೆಯ ಕಥೆ ಓದುವಾಗ ಯಾರ ಶೌರ್ಯ ದೊಡ್ಡದೆಂದು ಅಳೆಯುವ ಮೊದಲು, ಊರಿಗೆ ಅನ್ನ ಬರುವ ದಾರಿ ಯಾವುದು, ಅದನ್ನು ಯಾರು ಹೇಗೆ ಮುಚ್ಚಿದರು ಎಂದು ಕೇಳಿ. ಆ ಬಳಿಕ, ಸೈನಿಕರ ಪಟ್ಟಿಯಲ್ಲಿ ಹೆಸರಿಲ್ಲದೆ ಒಳಗೆ ಹಸಿದವರು ಯಾರೆಂದು ಹುಡುಕಿ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಕದನದ ವಿವರಗಳು ತಾವಾಗಿಯೇ ಅರ್ಥವಾಗುತ್ತವೆ.