ಸುದ್ದಿ ನೋಡಿ ಕೊಳ್ಳಬೇಡಿ, ಕೆಲಸ ನೋಡಿ ಕೊಳ್ಳಿ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ತಮ್ಮಂದಿರಿಗೆ, ತಂಗಿಯರಿಗೆ ಕಿವಿಮಾತು

ಎತ್ತು ಕೊಳ್ಳುವವರನ್ನು ನೀವು ನೋಡಿದ್ದೀರಿ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದ ಹಿರಿಯರು ಮೊದಲು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಹೆಗಲ ಮೇಲೆ ಕೈಯಾಡಿಸುತ್ತಾರೆ. ಕೋಡಿಗೆ ಬಳಿದ ಬಣ್ಣಕ್ಕೆ ರೊಕ್ಕ ಕೊಡುವುದಿಲ್ಲ. ಅದೇ ಮನೆಯ ಹುಡುಗ ಮಾತ್ರ ಒಂದು ವಿಡಿಯೊ ನೋಡಿ ಇಪ್ಪತ್ತು ಸಾವಿರದ ಮೊಬೈಲ್ ತಂದುಬಿಡುತ್ತಾನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ಸಂಜೆ ಹೊತ್ತು ತಮ್ಮನ ಮಗನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂಡುತ್ತೇನೆ. ಅಲ್ಲಿಗೆ ಬರುವ ಮೊಬೈಲುಗಳ ಹಿಂದೆ ಒಂದೊಂದು ಮನೆಯ ದುಡಿಮೆ ಇರುತ್ತದೆ. ಅಲ್ಲಿ ಕೂತು ಕಂಡದ್ದನ್ನು, ನಿಮ್ಮ ರೊಕ್ಕ ಉಳಿಯಲಿ ಎಂಬ ಆಸೆಯಿಂದ ಹೇಳುತ್ತಿದ್ದೇನೆ.

• ಅಂಗಡಿಗೆ ಹೋಗುವ ಮೊದಲು ಹಾಳೆಯ ಮೇಲೆ ನಿಮ್ಮ ಕೆಲಸ ಬರೆಯಿರಿ. ಉತಾರ ತೆಗೆಯುವುದು, ಬೆಳೆ ಸಮೀಕ್ಷೆಗೆ ಹೊಲದ ಫೋಟೊ ಹಿಡಿಯುವುದು, ಕಿರಾಣಿ ಅಂಗಡಿಯಲ್ಲಿ ಯುಪಿಐ, ಎಪಿಎಂಸಿ ದರ ನೋಡುವುದು, ಮಕ್ಕಳ ಪಾಠ. ಇಷ್ಟೇ ಆದರೆ ಸಾಧಾರಣ ಬೆಲೆಯ ಮೊಬೈಲ್ ಸಾಕು. ನೀವು ಮದುವೆ ಫೋಟೊ ತೆಗೆಯುವವರೋ, ವಿಡಿಯೊ ಮಾಡಿ ದುಡಿಯುವವರೋ ಆಗಿದ್ದರೆ ಒಳ್ಳೆಯ ಕ್ಯಾಮೆರಾಕ್ಕೆ ಹೆಚ್ಚು ರೊಕ್ಕ ಹಾಕಿ. ಅದು ತಿರುಗಿ ಬರುತ್ತದೆ. ಕೆಲಸ ಬರೆಯಲು ಬಾರದಿದ್ದರೆ ಆ ವಸ್ತು ಇನ್ನೂ ಬೇಕಾಗಿಲ್ಲ ಎಂದೇ ಅರ್ಥ.

• ಹೊಸ ಮೊಬೈಲಿನ ಸುದ್ದಿ ಓದಿ, ಆದರೆ ಬಿಡುಗಡೆಯಾದ ವಾರವೇ ಕೊಳ್ಳಬೇಡಿ. ಡಬ್ಬಿ ಒಡೆದು ತೋರಿಸುವವರು ಆ ಮೊಬೈಲನ್ನು ಒಂದು ದಿನ ಹಿಡಿದಿರುತ್ತಾರೆ. ಒಂದು ಬೇಸಿಗೆ ಕಳೆದ ಮೇಲೆ ಬ್ಯಾಟರಿ ಹೇಗಿರುತ್ತದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ. ವಿಡಿಯೊದ ಕೆಳಗೆ ಕೊಟ್ಟ ಲಿಂಕಿನಿಂದ ನೀವು ಕೊಂಡರೆ ಅನೇಕರಿಗೆ ಕಮಿಷನ್ ಸಿಗುತ್ತದೆ, ಇದನ್ನು ನೆನಪಿಡಿ. ಮೂರು ತಿಂಗಳು ಕಾದರೆ ದೋಷಗಳು ಹೊರಗೆ ಬರುತ್ತವೆ, ಬಹಳ ಸಲ ಬೆಲೆಯೂ ಇಳಿಯುತ್ತದೆ. ಯು. ಬಿ. ಪವನಜ, ಟಿ. ಜಿ. ಶ್ರೀನಿಧಿಯವರಂಥವರು ತಂತ್ರಜ್ಞಾನವನ್ನು ವರ್ಷಗಟ್ಟಲೆ ತಿಳಿಗನ್ನಡದಲ್ಲಿ ಬಿಡಿಸಿ ಬರೆದಿದ್ದಾರೆ. ಅಂಥ ಬರಹ ಓದಿದವರಿಗೆ ಜಾಹೀರಾತು ಯಾವುದು, ಮಾಹಿತಿ ಯಾವುದು ಎಂದು ತಾನಾಗಿ ಗೊತ್ತಾಗುತ್ತದೆ.

• ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದಾಗ ಇನ್ನೂ ಕುಗ್ಗುತ್ತದೆ. ‘ವರ್ಚುವಲ್ ರ್‍ಯಾಮ್’ ಎಂದು ಸೇರಿಸಿ ಹೇಳುವುದು ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜಿನ ಒಂದು ಭಾಗವನ್ನು ಎರವಲು ಪಡೆದದ್ದು; ವೇಗ ಬಹಳ ಕಡಿಮೆ. 5ಜಿ ನಮ್ಮ ದೇಶಕ್ಕೆ 2022ರ ಅಕ್ಟೋಬರ್ 1ರಂದು ಬಂತು. ಆದರೆ ನಿಮ್ಮ ಊರಲ್ಲಿ, ನಿಮ್ಮ ಹೊಲದಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂಬುದನ್ನು ಪಕ್ಕದ ಹೊಲದವರನ್ನು ಕೇಳಿ ತಿಳಿಯಿರಿ. ಆ ಉತ್ತರ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

• ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿಯೇ ಕೊಳ್ಳಿ. ಕಳ್ಳರು ಒಳನುಗ್ಗುವ ಕಿಂಡಿಗಳನ್ನು ಮುಚ್ಚುವುದೇ ಸೆಕ್ಯುರಿಟಿ ಅಪ್‌ಡೇಟಿನ ಕೆಲಸ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟಿವೆ. ಕಡಿಮೆ ಬೆಲೆಯವುಗಳಲ್ಲಿ ಇದು ಮಾದರಿಯಿಂದ ಮಾದರಿಗೆ ಬೇರೆ. ಈ ಲೆಕ್ಕ ಶುರುವಾಗುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕರೆ ಆಯುಷ್ಯದಲ್ಲೂ ಎರಡು ವರ್ಷ ಕಳೆದೇ ಕೊಳ್ಳಿ.

• ನಮ್ಮ ಬಿಸಿಲಿನಿಂದ ಮೊಬೈಲನ್ನು ಕಾಪಾಡಿ. ಬಹಳಷ್ಟು ಮೊಬೈಲುಗಳು 0ಯಿಂದ 35 ಡಿಗ್ರಿ ಒಳಗೆ ಬಳಸಲೆಂದು ಮಾಡಿದವು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಒಂದು ಬೇಸಿಗೆಯಲ್ಲಿ ಇಂಡಿ ಕಡೆಯ ನಿಂಬೆ ತೋಟದವರೊಬ್ಬರು ಬಂದರು. ‘ಮಾಸ್ತರ್ರ, ಮುಂಜಾನಿ ಚಲೋ ಇತ್ತು, ಈಗ ಉಬ್ಬ್ಯಾದ ನೋಡ್ರಿ’ ಎಂದು ಮೇಜಿನ ಮೇಲೆ ಮೊಬೈಲ್ ಇಟ್ಟರು. ನಿಂಬೆ ಚೀಲ ಹೇರುವಾಗ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಇಟ್ಟು ಮರೆತಿದ್ದರಂತೆ. ಹಿಂದಿನ ಮುಚ್ಚಳ ಉಗುರು ತೂರುವಷ್ಟು ಎದ್ದಿತ್ತು. ಸಂದಿಯಲ್ಲಿ ಇಣುಕಿದರೆ ಬ್ಯಾಟರಿಯ ಬೆಳ್ಳಿ ಬಣ್ಣದ ಪೊಟ್ಟಣ ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ ಕಾಣುತ್ತಿತ್ತು. ಕಾವಿಗೆ ಒಳಗಿನ ರಸಾಯನ ಒಡೆದು ಅನಿಲವಾಗಿ ತುಂಬಿಕೊಂಡಿತ್ತು. ಹೀಗಾದಾಗ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಲೇಬೇಡಿ. ಬಂದ್ ಮಾಡಿ, ಹತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು ರಿಪೇರಿಯವರಿಗೆ ತೋರಿಸಿ. ಕಾದ ಮೊಬೈಲನ್ನು ಫ್ರಿಜ್ಜಿನಲ್ಲಿ ಇಡಬಾರದು. ಒಳಗೆ ನೀರು ಹನಿಗಟ್ಟುತ್ತದೆ. ನೆರಳಿನಲ್ಲಿ, ಕವರ್ ತೆಗೆದು, ತಾನಾಗಿ ಆರಲು ಬಿಡಿ. ಹೊಲಕ್ಕೆ ಹೋದಾಗ ಬುತ್ತಿಗಂಟಿನ ಜೊತೆ ಬೇವಿನ ನೆರಳಿನಲ್ಲಿಡಿ.

• ಬ್ಯಾಟರಿ ಸವೆಯುವ ವಸ್ತು ಎಂದು ತಿಳಿದಿರಿ. ಸುಮಾರು 500ರಿಂದ 1,000 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಅದರ ಶಕ್ತಿ ನೂರರಿಂದ ಎಂಬತ್ತಕ್ಕೆ ಇಳಿಯುವುದು ಸಹಜ. ಅಷ್ಟಕ್ಕೇ ಹೊಸ ಮೊಬೈಲ್ ಬೇಡ, ಹೊಸ ಬ್ಯಾಟರಿ ಹಾಕಿಸಿ. ಬೀದಿಬದಿಯ ಅಗ್ಗದ ಚಾರ್ಜರಿಗಿಂತ ಬಿಐಎಸ್ ಗುರುತಿರುವ ಚಾರ್ಜರ್ ಕೊಳ್ಳಿ. ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಏರಿಳಿಯುವ ಊರಾದರೆ ಚಾರ್ಜರ್ ಕಿತ್ತಿಟ್ಟು, ಕರೆಂಟ್ ಸ್ಥಿರವಾದ ಮೇಲೆ ಹಚ್ಚಿ. ತಲೆದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವ ರೂಢಿಯನ್ನು ಇವತ್ತೇ ಬಿಡಿ.

• ಹೊಲಕ್ಕೆ ಒಂದು ಗ್ಯಾಜೆಟ್ ಕೊಳ್ಳುವುದಾದರೆ ಅದು ಮೊಬೈಲ್ ಸ್ಟಾರ್ಟರ್ ಆಗಲಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೆಲವೇ ತಾಸು, ಅದೂ ಎಷ್ಟೋ ಸಲ ರಾತ್ರಿ ಪಾಳಿ. ಕತ್ತಲಲ್ಲಿ ಬೋರಿನ ಹತ್ತಿರ ಹೋಗಿ ಹಾವು ತುಳಿಯುವ ಭಯ ಯಾವ ರೈತರ ಮನೆಗೂ ಹೊಸದಲ್ಲ. ಸ್ಟಾರ್ಟರ್ ಡಬ್ಬಿಯಲ್ಲಿ ಸಿಮ್ ಇರುವ ಈ ಸಾಧನ ಮನೆಯಿಂದಲೇ ಮೋಟರ್ ಚಾಲೂ ಮಾಡುತ್ತದೆ. ಕೊಳ್ಳುವಾಗ ಮೂರು ಕೇಳಿ: ನೀರಿಲ್ಲದೆ ಓಡಿದರೆ ತಾನೇ ನಿಲ್ಲುತ್ತದೆಯೇ, ಒಂದು ಫೇಸ್ ಹೋದರೆ ಮೋಟರ್ ಉಳಿಸುತ್ತದೆಯೇ, ನಮ್ಮ ತಾಲ್ಲೂಕಿನಲ್ಲೇ ರಿಪೇರಿ ಮಾಡುವವರಿದ್ದಾರೆಯೇ. ಒಳಗಿನ ಸಿಮ್ಮಿನ ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

• ಕಾಲೇಜಿನ ಮಕ್ಕಳಿಗೆ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರಿನ ವಯಸ್ಸು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಪ್ರೊಸೆಸರಾದರೆ ಬಹುತೇಕ 8ನೇ ತಲೆಮಾರು ಅಥವಾ ಅದರ ಮುಂದಿನದಿದ್ದರೆ ಮಾತ್ರ ವಿಂಡೋಸ್ 11 ನಿಯಮದ ಪ್ರಕಾರ ನಡೆಯುತ್ತದೆ. ಪುಣೆ, ಹೈದರಾಬಾದಿನಿಂದ ತಂದು ಮಾರುವ ಹೊಳೆಯುವ ಹಳೆ ಲ್ಯಾಪ್‌ಟಾಪುಗಳಲ್ಲಿ ಇದನ್ನೇ ಮೊದಲು ಕೇಳಿ. ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿ. ಓದು ಬರಹಕ್ಕೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

• ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ. ನಾನು ಮಗಳಿಗೆ ಟ್ಯಾಬ್ ಕೊಂಡಾಗ ಅಂಗಡಿಯವರು ‘ಬಿಲ್ ಬ್ಯಾಡ ಅಂದ್ರ ಐನೂರು ಬಿಡ್ತೀನ್ರಿ’ ಎಂದರು. ಒಪ್ಪಿದೆ. ಏಳನೆಯ ತಿಂಗಳಿಗೆ ಡಿಸ್‌ಪ್ಲೇ ಹೋಯಿತು. ವಾರಂಟಿ ಕೇಳಲು ಕೈಯಲ್ಲಿ ಕಾಗದವೇ ಇರಲಿಲ್ಲ. ಆ ಐನೂರು ಉಳಿಸಿ ಆರು ಸಾವಿರ ಕಳೆದುಕೊಂಡೆ. ಬಿಲ್ಲಿನಲ್ಲಿ ಮೊಬೈಲಿನ ಗುರುತಾದ ಐಎಂಇಐ ಸಂಖ್ಯೆ ಬರೆಸಿ, ಉತಾರ ಇಡುವ ಕಡತದಲ್ಲೇ ಅದನ್ನೂ ಇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ.

• ಸೆಕೆಂಡ್ ಹ್ಯಾಂಡ್ ಮೊಬೈಲಿನ ಹುಟ್ಟು ನೋಡಿ. ಕರೆ ಮಾಡುವ ಕಡೆ *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ನೋಡಿ. ಕದ್ದದ್ದೆಂದು ಬ್ಲಾಕ್ ಆದ ಮೊಬೈಲ್ ಆದರೆ ಅಲ್ಲೇ ತಿಳಿಯುತ್ತದೆ. ನಿಮ್ಮ ಮೊಬೈಲೇ ಸಂತೆಯಲ್ಲಿ ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಸಂಚಾರ ಸಾಥಿಯಲ್ಲೇ ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದೂ ಅಲ್ಲಿ ಕಾಣುತ್ತದೆ.

• ತೊಗರಿ ಪಟ್ಟಿ ಕೈಗೆ ಬಂದ ವಾರ ಪೇಟೆಯ ಕಡೆ ಹೋಗಬೇಡಿ. ರಾಶಿ ಮುಗಿದು ರೊಕ್ಕ ಕಂಡಾಗ ಎಲ್ಲವೂ ಬೇಕೆನಿಸುತ್ತದೆ. ಬೀಜ, ಗೊಬ್ಬರ, ಸಾಲದ ಕಂತು, ಮಕ್ಕಳ ಫೀ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಕೊಳ್ಳಿ. ‘ಬಡ್ಡಿ ಇಲ್ಲದ ಕಂತು’ ಎಂದಾಗ ಪ್ರೊಸೆಸಿಂಗ್ ಫೀ ಎಷ್ಟು, ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ. ಬಡ್ಡಿ ಎಲ್ಲಿ ಅಡಗಿದೆ ಎಂದು ಗೊತ್ತಾಗುತ್ತದೆ.

• ವಾಟ್ಸ್‌ಆ್ಯಪಿನಲ್ಲಿ ಬಂದ ಎಪಿಕೆ ಫೈಲ್, ಅಂದರೆ ಆ್ಯಪ್ ಹಾಕುವ ಫೈಲ್, ಮುಟ್ಟಬೇಡಿ. ಪಿಎಂ ಕಿಸಾನ್ ಹೆಸರಿನಲ್ಲಿ, ಗಾಡಿ ದಂಡದ ಹೆಸರಿನಲ್ಲಿ, ಮದುವೆ ಆಮಂತ್ರಣದ ಹೆಸರಿನಲ್ಲಿ ಬರುತ್ತವೆ. ಬೀಗರು ಕಳಿಸುವ ಲಗ್ನಪತ್ರಿಕೆ ಫೋಟೊ ಆಗಿರುತ್ತದೆ, ವಿಡಿಯೊ ಇಲ್ಲವೆ ಪಿಡಿಎಫ್ ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ. ರೊಕ್ಕ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಪಿನ್ ಒತ್ತಿದಿರಿ ಎಂದರೆ ರೊಕ್ಕ ಹೋಯಿತು.

• ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸಿ ರೊಕ್ಕ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಮೋದಿಯವರು ಈ ಮೋಸದ ಬಗ್ಗೆ ದೇಶವನ್ನು ಎಚ್ಚರಿಸಿದಾಗ ತೋರಿಸಿದ ವಿಡಿಯೊ ನಮ್ಮ ವಿಜಯಪುರದವರೊಬ್ಬರದು. ಪೊಲೀಸ್ ವೇಷದ ವಂಚಕ ವಿಡಿಯೊ ಕರೆ ಮಾಡಿದಾಗ ಅವರು ಹೆದರದೆ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ನಮ್ಮ ಮಣ್ಣಿನ ಆ ಧೈರ್ಯ ನಿಮಗೂ ಇರಲಿ. ಕರೆ ಕಡಿಯಿರಿ, ಮನೆಯವರಿಗೆ ಹೇಳಿ. ರೊಕ್ಕ ಹೋಗಿದ್ದರೆ ನಾಚಿಕೆಪಟ್ಟು ಕೂಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ರೊಕ್ಕ ಕೈಯಿಂದ ಕೈಗೆ ಹಾರುತ್ತದೆ.

• ಎಐ ಕೇಳಿ, ಆದರೆ ಹೊಲಕ್ಕೆ ಹಾಕುವ ಔಷಧದ ಪ್ರಮಾಣಕ್ಕೆ ಅದರ ಮಾತೊಂದನ್ನೇ ನಂಬಬೇಡಿ. ಅರ್ಜಿ ಬರೆಯಲು, ಪಾಠ ಬಿಡಿಸಿಕೊಳ್ಳಲು ಅದು ಒಳ್ಳೆಯ ಜೊತೆಗಾರ. ತಪ್ಪನ್ನೂ ಸರಿಯಷ್ಟೇ ಖಚಿತವಾಗಿ ಹೇಳುವುದು ಅದರ ದೋಷ. ನಿಂಬೆ ಗಿಡ ಒಣಗಿದರೆ ಟೊಂಗೆ ಹಿಡಿದು ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಇಲ್ಲವೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

• ಮೊಬೈಲಿನಲ್ಲಿ ಕನ್ನಡವನ್ನೇ ಬಳಸಿ, ಯೂನಿಕೋಡಿನಲ್ಲಿ ಬರೆಯಿರಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಮೊಬೈಲಿಗೆ ಹೋದಾಗ ಅರ್ಥವಿಲ್ಲದ ಗುರುತುಗಳಾಗುತ್ತದೆ. ಯೂನಿಕೋಡ್ ಎಲ್ಲೆಡೆ ಕನ್ನಡವಾಗಿಯೇ ಉಳಿಯುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿಯಲು ಒಂದು ವಾರ ಸಾಕು. ಬರೆಯಲು ಬಾರದ ಹಿರಿಯರಿಗೆ ಮೈಕಿನ ಗುರುತು ತೋರಿಸಿ. ಗೂಗಲ್ 2017ರಿಂದ ಕನ್ನಡದ ಮಾತು ಕೇಳಿ ಬರೆಯುತ್ತದೆ. ಅವ್ವನ ಬೆರಳು ಹಿಡಿದು ಆ ಗುರುತಿನ ಮೇಲೆ ಇಡಿಸಿ, ‘ಈಗ ಮಾತಾಡಬೇ’ ಎನ್ನಿ. ತಾನು ಆಡಿದ ಮಾತು ಅಕ್ಷರವಾಗುವುದನ್ನು ಕಂಡವಳು ಮರುದಿನ ತಾನೇ ಮೊಬೈಲ್ ಕೇಳಿ ಪಡೆಯುತ್ತಾಳೆ.

• ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸುಮಾರು ನೂರು ವರ್ಷದ ಹಿಂದೆ ನಮ್ಮ ಹಲಸಂಗಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಹೆಣ್ಣುಮಕ್ಕಳ ಬೀಸುವ ಹಾಡುಗಳನ್ನು ಹುಡುಕಿ ಹುಡುಕಿ ಬರೆದುಕೊಂಡರು. ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ ಅಷ್ಟೆ. ಅವರು ಬರೆದಿಡದಿದ್ದರೆ ಆ ಹಾಡುಗಳು ಹಾಡಿದವರ ಜೊತೆಗೇ ಹೋಗುತ್ತಿದ್ದವು. ನಿಮ್ಮ ಕಿಸೆಯಲ್ಲಿ ಇವತ್ತು ಅವರಿಗಿಲ್ಲದ ಸಾಧನ ಇದೆ. ಆಯಿ ಇನ್ನೂ ಇದ್ದರೆ ಒಂದು ಸಂಜೆ ಫ್ಯಾನ್ ಬಂದ್ ಮಾಡಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಕೆಯ ಬಾಯಿಂದ ಒಂದು ಮೊಳ ದೂರ ಇಟ್ಟು ಹಾಡಿಸಿ. ಫೈಲಿಗೆ ಆಕೆಯ ಹೆಸರು, ಊರು, ತಾರೀಖು ಕೊಡಿ. ಮೊಬೈಲಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು, ತಂಗಿಯ ಮನೆಯಲ್ಲೊಂದು ಪ್ರತಿ ಇಡಿ. ಇದಕ್ಕೆ ಹೊಸ ಮಾದರಿ ಬೇಕಿಲ್ಲ, ಪರದೆ ಬಿರುಕುಬಿಟ್ಟ ಹಳೆಯ ಮೊಬೈಲೂ ಸಾಕು. ಇವತ್ತು ಸಂಜೆಯೇ ಕೂಡಿ, ತಮ್ಮಾ.