ಡಾಕ್ಟರಿಗೆ ಫೋನ್ ಮಾಡುವಾಗ: ಯಾವುದು ತುರ್ತು, ಯಾವುದು ಕಾಯಬಹುದು?



ಒಂದು ಬೆಳಿಗ್ಗೆ ಎರಡು ಊರಿನಿಂದ ಒಟ್ಟಿಗೇ ಫೋನ್ ಬಂತು. ಎರಡೂ ಕಡೆ ಒಂದೇ ಮಾತು: "ಡಾಕ್ಟ್ರೇ, ಹಸು ಮೇವು ತಿಂತಿಲ್ಲ, ಬೇಗ ಬನ್ನಿ." ಹತ್ತಿರದ ಊರಿಗೆ ಮೊದಲು ಹೋದೆ. ಅಲ್ಲಿದ್ದದ್ದು ಸಾಧಾರಣ ಅಜೀರ್ಣ. ಇನ್ನೊಂದು ಊರಿನ ಹಸು ಹಿಂದಿನ ದಿನವಷ್ಟೇ ಕರು ಹಾಕಿ, ಹಾಲು ಜ್ವರದಿಂದ ನೆಲ ಹಿಡಿದಿತ್ತು. ನಾನು ತಲುಪುವಷ್ಟರಲ್ಲಿ ಸತ್ತಿತ್ತು. ಕರು ಹಾಕಿದ್ದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಾವ ಕರೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸಲು ಎರಡು ಪ್ರಶ್ನೆ ಸಾಕು. ತಡವಾದರೆ ಏನಾಗುತ್ತದೆ? ಎಷ್ಟು ಜನರಿಗೆ, ಎಷ್ಟು ರಾಸುಗಳಿಗೆ ತೊಂದರೆ? ನಿಮ್ಮ ಸಂಘದಲ್ಲೇ ನೋಡಿ. ಹಾಲು ಹಾಕುವ ಹೊತ್ತಿಗೆ ಕಂಪ್ಯೂಟರ್ ನಿಂತರೆ ಸದಸ್ಯರೆಲ್ಲ ಕ್ಯಾನ್ ಹಿಡಿದು ನಿಲ್ಲಬೇಕು, ಹಾಲು ಕೆಡುತ್ತದೆ. ಅದು ಕೂಡಲೇ ಸರಿಯಾಗಬೇಕು. ಒಬ್ಬರ ಚೀಟಿ ಮಾತ್ರ ಬರದಿದ್ದರೆ ಸಂಜೆ ಕೊಟ್ಟರೂ ನಡೆಯುತ್ತದೆ. ಕೊಟ್ಟಿಗೆಯ ಲೆಕ್ಕವೂ ಇದೇ.

ಕೂಡಲೇ ನೋಡಬೇಕಾದವು: ಕರು ಹಾಕಿದ 3 ದಿನದೊಳಗೆ ಹಸು ಮಲಗಿ ಏಳದಿರುವುದು, ಎಡ ಹೊಟ್ಟೆ ಉಬ್ಬಿ ಉಸಿರಾಡಲು ಕಷ್ಟವಾಗುವುದು, ನೀರುಚೀಲ ಒಡೆದು 2 ಗಂಟೆಯಾದರೂ ಕರು ಬಾರದಿರುವುದು, ಹಾವು ಕಡಿತ, ಎಳೆ ಜೋಳದ ಪೈರು ತಿಂದು ನಡುಗುವುದು.

ಅದೇ ದಿನ ನೋಡಬೇಕಾದವು: ಕೆಚ್ಚಲು ಬಾವು, ಜ್ವರ, ಕರು ಹಾಕಿ 12 ಗಂಟೆ ಕಳೆದರೂ ಮಾಸು ಬೀಳದಿರುವುದು. ಬೆದೆಗೂ ಹೊತ್ತಿದೆ: ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

ದಿನ ಗೊತ್ತುಮಾಡಿಕೊಂಡು ನೋಡಬಹುದಾದವು: ಗಬ್ಬದ ಪರೀಕ್ಷೆ, ಜಂತುನಾಶಕ, ಪದೇಪದೇ ಬೆದೆಗೆ ಬರುವ ಹಸುವಿನ ತಪಾಸಣೆ.

ಒಂದು ಎಚ್ಚರಿಕೆ. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿನಲ್ಲಿ ಹುಣ್ಣು ಕಂಡರೆ ಅದು ಕಾಲುಬಾಯಿ ಜ್ವರ ಇರಬಹುದು. ನಿಮ್ಮದು ಒಂದೇ ಹಸು, ಎದ್ದು ಓಡಾಡುತ್ತಿದೆ ಎಂದು ಸುಮ್ಮನಿರಬೇಡಿ. ಊರಿನ ರಾಸುಗಳಿಗೆಲ್ಲ ಹರಡುವ ರೋಗವಿದು. ಹಸುವನ್ನು ಬೇರೆ ಕಟ್ಟಿ, ಆಗಲೇ ತಿಳಿಸಿ.

ಫೋನಿನಲ್ಲಿ ಮೊದಲು ಈ ನಾಲ್ಕು ವಿಷಯ ಹೇಳಿ:
1. ಕರು ಹಾಕಿ ಎಷ್ಟು ದಿನ, ಅಥವಾ ಎಷ್ಟು ತಿಂಗಳ ಗಬ್ಬ?
2. ಎದ್ದು ನಿಲ್ಲುತ್ತದೆಯೇ?
3. ತೊಂದರೆ ಯಾವಾಗಿನಿಂದ?
4. ಎಷ್ಟು ರಾಸುಗಳಿಗೆ ಹೀಗಾಗಿದೆ?

ನಾವು ಬರುವವರೆಗೆ, ಮಲಗಿದ ಹಸುವಿನ ಬಾಯಿಗೆ ಎಣ್ಣೆ, ಕಷಾಯ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಮಗ್ಗುಲಿಗೆ ಬೀಳದಂತೆ ಹುಲ್ಲು ತುಂಬಿದ ಚೀಲ ಆನಿಸಿ, ಎದೆಯ ಮೇಲೆ ಕೂರಿಸಿ.

ಈ ನಾಲ್ಕು ಪ್ರಶ್ನೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ನೀವು ಮನೆಯಲ್ಲಿಲ್ಲದಾಗ ಮಕ್ಕಳು ಫೋನ್ ಮಾಡಿದರೂ ಸರಿಯಾಗಿ ಹೇಳುತ್ತಾರೆ.